ಅಯೋವಾದ ಜಾತ್ರೆಯಲ್ಲಿ ಮಕ್ಕಳದೇ ಕಾರುಬಾರು

ಅಮೆರಿಕವೆಂದರೆ ನಮಗೆಲ್ಲ ಕಣ್ಣಿಗೆ ಕಟ್ಟುವುದು ಮುಗಿಲು ಮುಟ್ಟುವ ಕಟ್ಟಡಗಳು, ನಯಾಗರಾ ಜಲಪಾತ, ರಸ್ತೆಯ ತುಂಬ ಕಾರು. ಹೋಗಿ ಬಂದವರು ಬರೆಯುವುದೂ ಅದನ್ನೇ. ಆ ದೇಶದಲ್ಲೂ ಸಗಣಿ ಬಾಚುವ ಹುಡುಗಿಯರಿದ್ದಾರೆ, ಬೆಳಗಿನ ಐದು ಗಂಟೆಗೆ ಎದ್ದು ಹೋರಿಗೆ ಮೈ ತೊಳೆಯುವ ಹುಡುಗರಿದ್ದಾರೆ ಎಂದರೆ ಅಕ್ಕಪಕ್ಕದವರು ನಂಬುವುದು ಕಷ್ಟ. ಅವರನ್ನು ನೋಡಬೇಕಾದರೆ ನಡುಸೀಮೆಯ ಅಯೋವಾ ರಾಜ್ಯಕ್ಕೆ ಹೋಗಬೇಕು. ಅದೂ ಜುಲೈ ತಿಂಗಳಲ್ಲಿ.

ಅಯೋವಾ ಮುಸುಕಿನ ಜೋಳದ ಸೀಮೆ. ಕಾರಿನಲ್ಲಿ ಎರಡು ಗಂಟೆ ಹೋದರೂ ಎರಡೂ ಕಡೆ ಜೋಳ, ಸೋಯಾ ಅವರೆ, ಮತ್ತೆ ಜೋಳ. ನಡುನಡುವೆ ಕೆಂಪು ಬಣ್ಣದ ದೊಡ್ಡ ಕೊಟ್ಟಿಗೆಗಳು. ಈ ರಾಜ್ಯದಲ್ಲಿ 99 ಕೌಂಟಿಗಳಿವೆ. ಕೌಂಟಿ ಎಂದರೆ ನಮ್ಮ ತಾಲ್ಲೂಕಿಗಿಂತ ಅಧಿಕಾರದಲ್ಲಿ ಕೊಂಚ ಹೆಚ್ಚು, ಜಿಲ್ಲೆಗಿಂತ ಜನಸಂಖ್ಯೆಯಲ್ಲಿ ಬಹಳ ಕಡಿಮೆ ಅನ್ನಬಹುದು. ಇಂಥ ಕೌಂಟಿಗಳೆಲ್ಲ ಬೇಸಿಗೆಯಲ್ಲಿ ತಮ್ಮ ತಮ್ಮ ಮೇಳ ನಡೆಸುತ್ತವೆ. ಆಮೇಲೆ ಆಗಸ್ಟಿನಲ್ಲಿ ರಾಜಧಾನಿ ಡಿ ಮಾಯ್ನ್‌ನಲ್ಲಿ ಇಡೀ ರಾಜ್ಯದ ದೊಡ್ಡ ಮೇಳ. ದೊಡ್ಡದರ ಹೆಸರು ಎಲ್ಲರಿಗೂ ಗೊತ್ತು; ನನಗೆ ರುಚಿಸಿದ್ದು ಸಣ್ಣದು.

ಸಣ್ಣ ಮೇಳದ ಬಾಗಿಲಲ್ಲೇ ನಮ್ಮ ಜಾತ್ರೆಯ ಕಳೆ. ತಿರುಗುವ ತೊಟ್ಟಿಲು, ನಿಂಬೆಹಣ್ಣಿನ ಪಾನಕ, ಬಿಸಿ ಎಣ್ಣೆಯ ವಾಸನೆ. ಲಾಳಿಕೆಯಿಂದ ಹಿಟ್ಟನ್ನು ಎಣ್ಣೆಗೆ ಸುತ್ತಿ ಸುತ್ತಿ ಬಿಟ್ಟು ಕರಿದು ಮೇಲೆ ಸಕ್ಕರೆಪುಡಿ ಉದುರಿಸಿ ಕೊಡುವ ಒಂದು ತಿಂಡಿಯಿದೆ. ನೋಡಿದರೆ ನಮ್ಮ ಜಿಲೇಬಿಯ ಅಣ್ಣ, ಪಾಕ ಮಾತ್ರ ಇಲ್ಲ! ಒಂದು ಶೆಡ್ಡಿನಲ್ಲಿ ಹೆಂಗಸರು ಹೊಲಿದ ಕೌದಿಗಳು, ಜಾಮಿನ ಶೀಸೆಗಳು, ಉಪ್ಪಿನಕಾಯಿ, ಹಣ್ಣಿನ ಪೈಗಳು ಸಾಲಾಗಿ ಕೂತಿದ್ದವು. ಒಂದೊಂದಕ್ಕೂ ಒಂದೊಂದು ಬಣ್ಣದ ರಿಬ್ಬನ್. ಆ ಕೌದಿಗಳ ಬಗ್ಗೆಯೇ ಬೇರೊಂದು ಲೇಖನ ಬರೆಯಬೇಕು, ಇರಲಿ. ಅಲ್ಲಿಂದ ಮುಂದೆ ಹೋದರೆ ಕೊಟ್ಟಿಗೆಗಳ ಸಾಲು. ಈ ಊರಿನ ಜೀವ ಇರುವುದು ಅಲ್ಲಿ.

ಉದ್ದನೆಯ ಕೊಟ್ಟಿಗೆಯಲ್ಲಿ ದೊಡ್ಡ ದೊಡ್ಡ ಫ್ಯಾನುಗಳು ಭರ್ರೆಂದು ತಿರುಗುತ್ತಿದ್ದವು. ಜುಲೈನ ಸೆಕೆ ನಮ್ಮ ರಾಯಚೂರನ್ನು ನೆನಪಿಸುವಂಥದ್ದು. ಫ್ಯಾನು ಮನುಷ್ಯರಿಗಲ್ಲ, ಹೋರಿಗಳಿಗೆ. ಹತ್ತು ಹನ್ನೊಂದು ವರ್ಷದ ಹುಡುಗಿಯೊಬ್ಬಳು ತನಗಿಂತ ಹತ್ತು ಹನ್ನೆರಡು ಪಟ್ಟು ತೂಕದ ಕರಿ ಹೋರಿಗೆ ಸೋಪು ಹಚ್ಚಿ, ಪೈಪಿನಲ್ಲಿ ನೀರು ಬಿಟ್ಟು, ಆಮೇಲೆ ಗಾಳಿಯಂತ್ರ ಹಿಡಿದು ಕೂದಲು ಒಣಗಿಸುತ್ತಿದ್ದಳು. ಬಾಚಣಿಗೆಯಿಂದ ಕಾಲಿನ ಕೂದಲನ್ನು ಮೇಲಕ್ಕೆ ಬಾಚುವಾಗ ಅವಳ ಮುಖದ ಗಾಂಭೀರ್ಯ ನೋಡಬೇಕಿತ್ತು. ಮದುವೆಮನೆಯಲ್ಲಿ ಹೆಣ್ಣಿಗೆ ಜಡೆ ಹೆಣೆಯುವವರಲ್ಲೂ ಅಷ್ಟು ಶ್ರದ್ಧೆ ಕಾಣುವುದಿಲ್ಲ. ಅಪ್ಪ ಪಕ್ಕದಲ್ಲೇ ಮಡಿಸುವ ಕುರ್ಚಿಯಲ್ಲಿ ಕೂತಿದ್ದ. ಕೈ ಹಾಕಲಿಲ್ಲ.

"ಯಾಕೆ, ಸಹಾಯ ಮಾಡಬಾರದಾ?" ಅಂತ ಮಗಳನ್ನು ಕೇಳಿದೆ.

"ಅವರ ಮಗುವಿನ ಪ್ರಾಜೆಕ್ಟ್ ಅಮ್ಮ, ಅವಳೇ ಮಾಡಬೇಕು. ರೂಲ್ಸ್ ಇದೆ" ಅಂದಳು.

ರೂಲ್ಸ್ ಅನ್ನುವ ಮಾತನ್ನು ಆ ಎರಡು ದಿನದಲ್ಲಿ ಎಷ್ಟು ಸಲ ಕೇಳಿದೆನೋ! ಹಾಗಾಗಿ ಈ ಕಟ್ಟಲೆಗಳ ಕಥೆಯನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮಕ್ಕಳನ್ನು ಬೆಳೆಸುವ ನಮಗೆ ಅದರಲ್ಲಿ ಯೋಚಿಸುವುದು ಬೇಕಾದಷ್ಟಿದೆ.

ಮೊದಲಿಗೆ ಈ ಮೇಳಗಳು ಹುಟ್ಟಿದ್ದು ಹೇಗೆ? ಎಲ್ಕಾನಾ ವಾಟ್ಸನ್ ಎಂಬ ಮಹಾಶಯ 1807ರಲ್ಲಿ ಮಸಾಚುಸೆಟ್ಸ್ ರಾಜ್ಯದ ಪಿಟ್ಸ್‌ಫೀಲ್ಡ್ ಊರಿನ ಚೌಕದಲ್ಲಿ ಎರಡು ಮೆರಿನೋ ಕುರಿಗಳನ್ನು ಮರದ ಕೆಳಗೆ ಕಟ್ಟಿ ಜನಕ್ಕೆ ತೋರಿಸಿದ. ಒಳ್ಳೆಯ ಉಣ್ಣೆಯ ಕುರಿ ನೋಡಲು ಜನ ಮುತ್ತಿದರು. ಎರಡು ಕುರಿಗೇ ಇಷ್ಟು ಜನ ಬಂದರೆ ದೊಡ್ಡ ಪ್ರದರ್ಶನಕ್ಕೆ ಎಷ್ಟು ಬಂದಾರು ಎಂದು ಅವನ ತಲೆ ಓಡಿತು. 1810ರಲ್ಲಿ ದನಗಳ ಪ್ರದರ್ಶನ, 1811ರಲ್ಲಿ ಅದಕ್ಕೊಂದು ಕೃಷಿ ಸಂಘ. 1813ರಲ್ಲಿ ಹೆಂಗಸರು ನೇಯ್ದ ಬಟ್ಟೆಗೂ ಬಹುಮಾನವಿಟ್ಟ. ಬಟ್ಟೆಗಳೇನೋ ಬಂದವು, ಆದರೆ ಹೆಂಗಸರು ಬರಲಿಲ್ಲ! ಮೊದಲು ಯಾರು ಕಾಲಿಡುವುದು ಎಂಬ ಸಂಕೋಚ. ಕೊನೆಗೆ ವಾಟ್ಸನ್ ತನ್ನ ಹೆಂಡತಿಯನ್ನೇ ಊರಿಂದ ಕರೆಸಿ ಕೂರಿಸಿದ ಮೇಲೆ ಉಳಿದವರು ಒಬ್ಬೊಬ್ಬರಾಗಿ ಬಂದರಂತೆ. ದೇಶ ಯಾವುದಾದರೇನು, "ನೀವು ಹೋದರೆ ನಾನೂ ಬರ್ತೀನಿ" ಅನ್ನುವ ನಮ್ಮ ಜಾತಿ ಒಂದೇ.

ಮಕ್ಕಳು ಇದರೊಳಗೆ ಬಂದದ್ದು ಅದಾದ ನೂರು ವರ್ಷಕ್ಕೆ. ವಿಶ್ವವಿದ್ಯಾಲಯದವರು ಹೊಸ ಬೀಜ, ಹೊಸ ಪದ್ಧತಿ ಹೇಳಿದರೆ ಹಳ್ಳಿಯ ಯಜಮಾನರು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಹಾಗಾದರೆ ಮಕ್ಕಳಿಗೆ ಹೇಳಿಕೊಡೋಣ, ಮಗನ ಹೊಲದಲ್ಲಿ ಬೆಳೆ ಹೆಚ್ಚು ಬಂದರೆ ಅಪ್ಪ ತಾನಾಗಿ ಕಲಿಯುತ್ತಾನೆ ಎಂದು ಕೆಲವರು ಯೋಚಿಸಿದರು. ಅಯೋವಾದ ಪೇಜ್ ಕೌಂಟಿಯಲ್ಲಿ ಜೆಸ್ಸಿ ಫೀಲ್ಡ್ ಎಂಬ ಶಾಲಾ ಉಪಾಧ್ಯಾಯಿನಿ 1901ರಲ್ಲಿ ಹುಡುಗರಿಗೆ ಜೋಳದ ಕ್ಲಬ್ಬನ್ನೂ ಹುಡುಗಿಯರಿಗೆ ಮನೆವಾರ್ತೆಯ ಕ್ಲಬ್ಬನ್ನೂ ಮಾಡಿದಳು. ಮರುವರ್ಷ ಒಹಾಯೋದಲ್ಲಿ ಎ. ಬಿ. ಗ್ರಹಾಂ ಎಂಬ ಶಾಲಾ ಅಧಿಕಾರಿ ಇಂಥದೇ ಕ್ಲಬ್ಬು ಕಟ್ಟಿದ. ದಕ್ಷಿಣ ಕೆರೊಲಿನಾದಲ್ಲಿ ಮೇರಿ ಕ್ರೋಮರ್ ಎಂಬ ಇನ್ನೊಬ್ಬ ಉಪಾಧ್ಯಾಯಿನಿ 1910ರಲ್ಲಿ ಹುಡುಗಿಯರ ಟೊಮೇಟೊ ಕ್ಲಬ್ಬು ಶುರುಮಾಡಿದಳು. ಒಬ್ಬೊಬ್ಬಳಿಗೆ ಎಕರೆಯ ಹತ್ತನೇ ಒಂದು ಪಾಲು ನೆಲ. ಬೆಳೆದು, ಡಬ್ಬಿಗೆ ತುಂಬಿ, ಮಾರಿ, ಬಂದ ದುಡ್ಡು ಹುಡುಗಿಯದೇ. ಅವೆಲ್ಲ ಸೇರಿ ಬೆಳೆದದ್ದೇ ಇಂದಿನ ಫೋರ್ ಎಚ್ ಸಂಘ. ನಾಲ್ಕು ಎಸಳಿನ ಹಸಿರು ಎಲೆ, ಒಂದೊಂದು ಎಸಳಿನ ಮೇಲೂ ಬಿಳಿ ಎಚ್ ಅಕ್ಷರ: ತಲೆ, ಹೃದಯ, ಕೈ, ಆರೋಗ್ಯ ಇವುಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರ. ಜೆಸ್ಸಿ ಫೀಲ್ಡ್ ಮಾಡಿಸಿದ ಬಿಲ್ಲೆಯಲ್ಲಿ ಮೂರೇ ಎಸಳಿತ್ತು, ನಾಲ್ಕನೆಯದು ಆಮೇಲೆ ಬಂತು. 1914ರ ಕಾಯಿದೆಯಿಂದ ಸರ್ಕಾರ ಮತ್ತು ಕೃಷಿ ವಿಶ್ವವಿದ್ಯಾಲಯಗಳ ಆಸರೆ ಸಿಕ್ಕಿತು. ಇಂದು ಸುಮಾರು 60 ಲಕ್ಷ ಮಕ್ಕಳು ಇದರಲ್ಲಿದ್ದಾರೆ ಎನ್ನುತ್ತಾರೆ. ನೀಲಿ ಕಾರ್ಡುರಾಯ್ ಕೋಟಿನ ಇನ್ನೊಂದು ಸಂಘವೂ ಉಂಟು, ಎಫ್‌ಎಫ್‌ಎ. ಅದು ಹುಟ್ಟಿದ್ದು 1928ರಲ್ಲಿ. ಆದರೆ ಹುಡುಗಿಯರಿಗೆ ಇಡೀ ದೇಶದಲ್ಲಿ ಬಾಗಿಲು ತೆರೆದದ್ದು 1969ರಲ್ಲಿ. ನಲವತ್ತೊಂದು ವರ್ಷ ಬೇಕಾಯಿತು! ಈಗ ಕೊಟ್ಟಿಗೆಗಳಲ್ಲಿ ನಾನು ಕಂಡದ್ದು ಹುಡುಗರಷ್ಟೇ ಹುಡುಗಿಯರು.

ಈಗ ಕಟ್ಟಲೆಗಳಿಗೆ ಬರೋಣ. ಒಂದೊಂದು ರಾಜ್ಯ, ಒಂದೊಂದು ಕೌಂಟಿಯಲ್ಲಿ ಸಣ್ಣಪುಟ್ಟ ವ್ಯತ್ಯಾಸವಿದ್ದರೂ ತಿರುಳು ಒಂದೇ.

ಪ್ರಾಣಿ ಮಗುವಿನದೇ ಆಗಿರಬೇಕು. ಮೇಳದ ಹಿಂದಿನ ವಾರ ಸಂತೆಯಲ್ಲಿ ದಷ್ಟಪುಷ್ಟ ಹೋರಿ ಕೊಂಡು ತಂದು ನಿಲ್ಲಿಸುವ ಹಾಗಿಲ್ಲ. ಬೀಜ ಒಡೆಸಿದ ಹೋರಿಗೆ ಅಲ್ಲಿ ಸ್ಟೀರ್ ಅನ್ನುತ್ತಾರೆ. ಅಯೋವಾದಲ್ಲಿ ಮಾಂಸದ ಸ್ಟೀರ್ ಆದರೆ ಫೆಬ್ರವರಿ ಆರಂಭದೊಳಗೆ, ಕುರಿ, ಮೇಕೆ, ಹಂದಿಯಾದರೆ ಮೇ ಮಧ್ಯದೊಳಗೆ ಹೆಸರು ನೋಂದಾಯಿಸಿ ಕಿವಿಗೆ ನಂಬರಿನ ಬಿಲ್ಲೆ ಹಾಕಿಸಬೇಕು. ರಾಜ್ಯದ ಮೇಳಕ್ಕೆ ಹೋಗುವ ಸ್ಟೀರಿನದಾದರೆ ಬೇರುಸಮೇತ ಕಿತ್ತ ಕೂದಲನ್ನು ಲಕೋಟೆಯಲ್ಲಿಟ್ಟು ಕೊಡಬೇಕು. ಆಮೇಲೆ ಅನುಮಾನ ಬಂದರೆ ಡಿಎನ್‌ಎ ಪರೀಕ್ಷೆ ಮಾಡಿ ಇದು ಅದೇ ಹೋರಿಯೋ ಅಲ್ಲವೋ ಪತ್ತೆ ಹಚ್ಚುತ್ತಾರೆ. ಅಂದಿನಿಂದ ಮೇಳದವರೆಗೆ ಮೇವು, ನೀರು, ಸಗಣಿ, ಎಲ್ಲ ಮಗುವಿನ ಲೆಕ್ಕ. ಲೆಕ್ಕ ಎಂದರೆ ನಿಜವಾಗಿಯೂ ಲೆಕ್ಕ. ಪುಸ್ತಕದಲ್ಲಿ ಎಷ್ಟು ಮೇವು, ಅದಕ್ಕೆಷ್ಟು ದುಡ್ಡು, ಮೈತೂಕ ಎಷ್ಟು ಏರಿತು ಎಂದು ಬರೆದಿಡಬೇಕು. ಹಾಲಿನ ಲೆಕ್ಕವನ್ನು ಕ್ಯಾಲೆಂಡರಿನಲ್ಲಿ ಬರೆದಿಡುವ ನಮಗೆ ಇದು ಹೊಸದೇನಲ್ಲ. ಆದರೆ ನಾಲ್ಕನೇ ಕ್ಲಾಸಿನ ಮಗುವಿನ ಕೈಯಲ್ಲಿ ಅಂಥ ಪುಸ್ತಕ ಕಂಡಾಗ ಆಶ್ಚರ್ಯವಾಯಿತು.

ಅಯೋವಾದಲ್ಲಿ ನಾಲ್ಕನೇ ತರಗತಿಯಿಂದ ಹನ್ನೆರಡನೆಯವರೆಗಿನವರು ಪೂರ್ತಿ ಸದಸ್ಯರು. ಅದಕ್ಕಿಂತ ಚಿಕ್ಕವರು ಕ್ಲೋವರ್ ಕಿಡ್ಸ್, ಅವರಿಗೆ ಗೆಲುವು ಸೋಲು ಇಲ್ಲ, ಸುಮ್ಮನೆ ಭಾಗವಹಿಸುವುದು. ಚಿಕ್ಕವರ ವಿಭಾಗಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಬಕೆಟ್ ಕರು. ತಾಯಿಯಿಂದ ಬೇರೆಯಾದ ಎಳೆಗರುವನ್ನು ಮಗು ಬಾಟಲಿಯಲ್ಲೋ ಬಕೆಟ್ಟಿನಲ್ಲೋ ಹಾಲು ಕುಡಿಸಿ ಸಾಕುತ್ತದೆ. ಮೇಳದ ದಿನ ತೀರ್ಪುಗಾರರು ಕರುವಿನ ಮೈಕಟ್ಟಿಗಿಂತ ಹೆಚ್ಚಾಗಿ ಮಗುವನ್ನು ಮಾತಾಡಿಸುತ್ತಾರೆ. ಕರುವಿನ ಹೆಸರೇನು? ದಿನಕ್ಕೆ ಎಷ್ಟು ಸಲ ಹಾಲು? ಭೇದಿಯಾದಾಗ ಏನು ಮಾಡಿದೆ? ಗೋಲಿಯಷ್ಟು ಕಣ್ಣು ಬಿಟ್ಟ ಒಬ್ಬ ಪುಟ್ಟ, ಮೈಕಿನ ಮುಂದೆ, "ಅದು ನನ್ನ ಶರ್ಟು ತಿನ್ನುತ್ತೆ" ಅಂದ. ಇಡೀ ಸಭೆ ನಕ್ಕಿತು, ತೀರ್ಪುಗಾರರೂ ನಕ್ಕರು. ಅವನು ಮಾತ್ರ ನಗಲಿಲ್ಲ.

ವರ್ಷಕ್ಕೊಮ್ಮೆ ಒಂದು ಪಾಠವನ್ನೂ ಕಲಿತು ಪ್ರಮಾಣಪತ್ರ ಪಡೆಯಬೇಕು. ಎಂಟರಿಂದ ಇಪ್ಪತ್ತೊಂದು ವರ್ಷದವರಿಗೆ ಇರುವ ಈ ಪಾಠದಲ್ಲಿ ಮೂರು ವಿಷಯ: ಆಹಾರ ಸುರಕ್ಷತೆ, ಪ್ರಾಣಿಯ ಕ್ಷೇಮ, ಮಗುವಿನ ನಡತೆ. ಕಾಯಿಲೆ ಬಿದ್ದ ಪ್ರಾಣಿಗೆ ಚುಚ್ಚುಮದ್ದು ಕೊಟ್ಟರೆ ಯಾವ ದಿನ, ಯಾವ ಔಷಧಿ, ಎಷ್ಟು ಎಂದು ಬರೆಯಬೇಕು; ಔಷಧಿ ಮೈಯಿಂದ ಪೂರ್ತಿ ಇಳಿಯಲು ಲೇಬಲ್ಲಿನಲ್ಲಿ ಹೇಳಿದಷ್ಟು ದಿನ ಕಳೆಯುವವರೆಗೆ ಅದರ ಹಾಲಾಗಲಿ ಮಾಂಸವಾಗಲಿ ಯಾರ ಬಾಯಿಗೂ ಹೋಗಕೂಡದು. ಈ ಒಂದು ಮಾತನ್ನು ನಮ್ಮ ಹಾಲು ಹಾಕುವವರಿಗೂ ಯಾರಾದರೂ ಹೇಳಿಕೊಟ್ಟರೆ ಚೆನ್ನ ಅಂತ ಅನ್ನಿಸಿತು.

ಇಷ್ಟು ಕಟ್ಟುನಿಟ್ಟು ಯಾಕೆಂದರೆ, ಬಹುಮಾನ ಇದ್ದ ಕಡೆ ಮೋಸ ಇದ್ದೇ ಇರುತ್ತದೆ. ಮೋಸ ಮಾಡುವವರು ಸಾಮಾನ್ಯವಾಗಿ ಮಕ್ಕಳಲ್ಲ, ಅವರ ಬೆನ್ನ ಹಿಂದಿರುವ ದೊಡ್ಡವರು. 1994ರಲ್ಲಿ ಒಹಾಯೋ ರಾಜ್ಯದ ಮೇಳದಲ್ಲಿ ಬಹುಮಾನ ಗೆದ್ದ ಸ್ಟೀರುಗಳಿಗೆ ಕ್ಲೆನ್‌ಬ್ಯುಟೆರಾಲ್ ಎಂಬ ನಿಷೇಧಿತ ಔಷಧಿ ಕೊಟ್ಟದ್ದು ಪತ್ತೆಯಾಗಿ ದೊಡ್ಡ ಗಲಾಟೆಯಾಯಿತು. ಅದು ಕೊಬ್ಬು ಇಳಿಸಿ ಮಾಂಸಖಂಡ ಉಬ್ಬಿಸುವ ಮದ್ದು. ಅಂಥ ಮಾಂಸ ತಿಂದವರಿಗೂ ಅಪಾಯ. ಆ ರಾಜ್ಯ ಅದಕ್ಕೆಂದೇ ಕಾನೂನು ಮಾಡಿತು. ಚರ್ಮದ ಕೆಳಗೆ ಗಾಳಿ ತುಂಬಿಸುವುದು, ನಳಿಗೆಯಿಂದ ನೀರು ಹೊಟ್ಟೆಗಿಳಿಸಿ ತೂಕ ಏರಿಸುವುದು, ಇವೆಲ್ಲ ಇಂದು ಮೇಳಗಳ ನಿಷೇಧದ ಪಟ್ಟಿಯಲ್ಲಿವೆ. ಪಟ್ಟಿಯಲ್ಲಿವೆ ಅಂದರೆ ಯಾರೋ ಯಾವಾಗಲೋ ಮಾಡಿದ್ದಾರೆ ಅಂತಲೇ ಅರ್ಥ! ಗೆದ್ದ ಪ್ರಾಣಿಗಳ ಮೂತ್ರ ಪರೀಕ್ಷೆ ಮಾಡಿಸುವ ಮೇಳಗಳೂ ಇವೆ. ಪ್ರಾಣಿಯನ್ನು ಶೃಂಗರಿಸುವುದಕ್ಕೆ ದುಡ್ಡು ಕೊಟ್ಟು ಕಸುಬುದಾರರನ್ನು ಕರೆಸುತ್ತಿದ್ದ ಶ್ರೀಮಂತರನ್ನು ತಡೆಯಲು, ಹಲವು ಮೇಳಗಳಲ್ಲಿ ಮನೆಯವರು ಮತ್ತು ಇತರ ಸದಸ್ಯ ಮಕ್ಕಳನ್ನು ಬಿಟ್ಟು ಬೇರೆಯವರು ಕತ್ತರಿ ಹಿಡಿಯಬಾರದು ಎಂದಿದೆ.

ರಿಂಗಿನ ಆಟ ನೋಡಲು ನಾವು ಮರದ ಮೆಟ್ಟಿಲುಗಳ ಮೇಲೆ ಕೂತೆವು. ಕೆಳಗೆ ಮರದ ಪುಡಿ ಹರಡಿದ ದೊಡ್ಡ ಅಂಗಳ. ಮಕ್ಕಳು ಬಿಳಿ ಶರ್ಟು, ಜೀನ್ಸು, ಗಟ್ಟಿ ಬೂಟು ಹಾಕಿ, ಬೆನ್ನಿಗೆ ನಂಬರು ಕಟ್ಟಿಕೊಂಡು ಸಾಲಾಗಿ ಬಂದರು. ಹೋರಿಯ ಮುಖಕ್ಕೆ ಸುತ್ತಿದ ಹಗ್ಗ ಬಲಗೈಯಲ್ಲಿ, ಉದ್ದನೆಯ ಕೋಲು ಎಡಗೈಯಲ್ಲಿ. ನಿಂತ ಕೂಡಲೇ ಕೈ ಬದಲಾಯಿಸಿ, ಕೋಲಿನ ತುದಿಯಿಂದ ಹೋರಿಯ ಗೊರಸನ್ನು ಮುಟ್ಟಿ ನಾಲ್ಕೂ ಕಾಲು ಸರಿಯಾದ ಜಾಗದಲ್ಲಿ ಇಡಿಸುತ್ತಾರೆ. ಆಮೇಲೆ ಅದೇ ಕೋಲಿನಿಂದ ಹೊಟ್ಟೆ ಕೆರೆಯುತ್ತಾರೆ. ಹೋರಿಗೆ ಸುಖ, ಕದಲುವುದಿಲ್ಲ. ಕೋಲಿರುವುದು ಹೊಡೆಯುವುದಕ್ಕಲ್ಲ, ಹೊಡೆದರೆ ಹೊರಕ್ಕೆ. ಕುರಿಗೆ ಹಗ್ಗವೇ ಇಲ್ಲ, ಗಲ್ಲದ ಕೆಳಗೆ ಕೈಯಿಟ್ಟು ಮಂಡಿಯಿಂದ ಎದೆಗೆ ಆನಿಸಿ ನಿಲ್ಲಿಸಬೇಕು. ಹಂದಿಯದಂತೂ ದೊಡ್ಡ ತಮಾಷೆ. ಕಟ್ಟಿಲ್ಲ, ಬಿಟ್ಟೇಬಿಟ್ಟಿದ್ದಾರೆ; ಸಣ್ಣ ಕೋಲಿನಲ್ಲಿ ಮೆಲ್ಲಗೆ ತಟ್ಟುತ್ತಾ ತೀರ್ಪುಗಾರರ ಮುಂದೆ ಹಾಯಿಸಬೇಕು. ಹಂದಿಗೆ ಅದರದೇ ಅಭಿಪ್ರಾಯ ಇರುತ್ತದಲ್ಲ! ಎರಡು ಹಂದಿ ಜಗಳಕ್ಕೆ ಬಿದ್ದರೆ ಹಲಗೆ ಹಿಡಿದವರು ಓಡಿ ಬಂದು ನಡುವೆ ಅಡ್ಡವಿಡುತ್ತಾರೆ.

ಸ್ಪರ್ಧೆ ಎರಡು ಬಗೆ. ಒಂದರಲ್ಲಿ ನೋಡುವುದು ಪ್ರಾಣಿಯ ಮೈಕಟ್ಟು. ಇನ್ನೊಂದು ಷೋಮನ್‌ಷಿಪ್, ಅದರಲ್ಲಿ ನೋಡುವುದು ಮಗುವನ್ನು. ಪ್ರಾಣಿ ಸೊರಗಿದ್ದರೂ ಮಗು ಗೆಲ್ಲಬಹುದು. ಮಗುವಿನ ಒಂದು ಕಣ್ಣು ಸದಾ ತೀರ್ಪುಗಾರರ ಮೇಲೆ, ಇನ್ನೊಂದು ಪ್ರಾಣಿಯ ಮೇಲೆ; ಹೋರಿ ಕಾಲು ತುಳಿದರೂ ಸಿಟ್ಟು ತೋರಿಸಕೂಡದು. ಹಗ್ಗ ಬಿಡಿಸಿಕೊಂಡ ಪಕ್ಕದವನ ಹೋರಿಯನ್ನು ಹಿಡಿದುಕೊಟ್ಟ ಹುಡುಗಿಯನ್ನು ತೀರ್ಪುಗಾರರು ಮೈಕಿನಲ್ಲಿ ಹೆಸರೆತ್ತಿ ಹೊಗಳಿದರು. ಹೌದು, ತೀರ್ಪು ಕೊಡುವವರು ಕಾರಣವನ್ನೂ ಎಲ್ಲರ ಎದುರು ಹೇಳಬೇಕು. ಇವನಿಗೆ ಮೊದಲು ಯಾಕೆ, ಅವಳಿಗೆ ಮೂರನೆಯದು ಯಾಕೆ ಅಂತ. ನಮ್ಮ ರಂಗೋಲಿ ಸ್ಪರ್ಧೆಗಳಲ್ಲೂ ಹೀಗೆ ಮಾಡಿದರೆ ಅರ್ಧ ಮನಸ್ತಾಪ ತಪ್ಪೀತು.

ರಿಬ್ಬನ್ನಿನ ಪದ್ಧತಿಯೂ ಹೇಳತಕ್ಕದ್ದೇ. ಫೋರ್ ಎಚ್ ಮಕ್ಕಳಿಗೆ ಹೆಚ್ಚಾಗಿ ಡೇನಿಷ್ ಪದ್ಧತಿ. ಒಬ್ಬರನ್ನು ಇನ್ನೊಬ್ಬರ ಜೊತೆ ತೂಗದೆ ಒಂದು ಮಟ್ಟಕ್ಕೆ ಹಿಡಿದು ನೋಡುತ್ತಾರೆ. ಮಟ್ಟ ಮುಟ್ಟಿದವರಿಗೆಲ್ಲ ನೀಲಿ, ಕೊಂಚ ಕಡಿಮೆಯಾದರೆ ಕೆಂಪು, ಇನ್ನೂ ಕಲಿಯಬೇಕಾದವರಿಗೆ ಬಿಳಿ. ಹತ್ತು ಮಕ್ಕಳೂ ಚೆನ್ನಾಗಿ ಮಾಡಿದ್ದರೆ ಹತ್ತಕ್ಕೂ ನೀಲಿ. ಅದರ ಮೇಲೆ ಚಾಂಪಿಯನ್‌ಗೆ ಮಾತ್ರ ನೇರಳೆ.

ಹಂದಿಗಳ ಕೊಟ್ಟಿಗೆಗೆ ಹೋಗುವಾಗ ನನ್ನ ಕೈಯಲ್ಲಿ ಐಸ್‌ಕ್ರೀಂ ಇತ್ತು. "ಅಮ್ಮ, ಅದನ್ನ ಇಲ್ಲೇ ಮುಗಿಸಿ ಬಾ. ಒಳಗೆ ತಿನ್ನೋ ಹಾಗಿಲ್ಲ" ಅಂತ ಮಗಳು ತಡೆದಳು. ಬಾಗಿಲಲ್ಲೇ ಬೋರ್ಡಿತ್ತು: ತಿಂಡಿ, ಪಾನೀಯ, ಮಗುವಿನ ಹಾಲಿನ ಶೀಸೆ, ಚೀಪುವ ನಿಪ್ಪಲ್ಲು, ಆಟದ ಸಾಮಾನು, ಮಗು ತಳ್ಳುವ ಗಾಡಿ ಯಾವುದೂ ಬೇಡ. ಇದಕ್ಕೂ ಹಿನ್ನೆಲೆಯಿದೆ. 2012ರ ಬೇಸಿಗೆಯಲ್ಲಿ ಮೇಳದ ಹಂದಿಗಳಿಂದ 300ಕ್ಕೂ ಹೆಚ್ಚು ಮಂದಿಗೆ ಒಂದು ಬಗೆಯ ಫ್ಲೂ ಜ್ವರ ತಗಲಿತು, ಬಹುಪಾಲು ಮಕ್ಕಳೇ. ಇಂಡಿಯಾನಾ, ಒಹಾಯೋ ರಾಜ್ಯಗಳಲ್ಲಿ ಹೆಚ್ಚು. ಆಮೇಲೆ ಹಂದಿಗಳನ್ನು 72 ಗಂಟೆಗಿಂತ ಹೆಚ್ಚು ಮೇಳದಲ್ಲಿ ಇಟ್ಟುಕೊಳ್ಳಬೇಡಿ ಎಂಬ ಸಲಹೆ ಬಂತು. 2015ರಲ್ಲಿ ಕೋಳಿಗಳಿಗೆ ಹಕ್ಕಿಜ್ವರ ಹರಡಿದಾಗ ಅಯೋವಾದಲ್ಲಿ ಆ ವರ್ಷದ ಜೀವಂತ ಕೋಳಿಗಳ ಪ್ರದರ್ಶನವನ್ನೇ ರದ್ದು ಮಾಡಿದರು. ಚಳಿಗಾಲದಿಂದ ಸಾಕಿದ ಮಕ್ಕಳ ಗತಿ ಏನು ಹೇಳಿ! 2024ರಲ್ಲಿ ಅದೇ ಜ್ವರ ಹಾಲು ಕರೆಯುವ ಹಸುಗಳಿಗೂ ಬಂತು. ಕರೆಯುವ ಹಸುವನ್ನು ತರುವ ಮೊದಲು ಪರೀಕ್ಷೆ ಮಾಡಿಸಿ ತರಬೇಕೆಂದು ಅಯೋವಾ ಸೇರಿ ಕೆಲವು ರಾಜ್ಯಗಳು ನಿಯಮ ಮಾಡಿದವು. ಕೊಟ್ಟಿಗೆಯ ಹೊರಗೆ ಕೈ ತೊಳೆಯುವ ತೊಟ್ಟಿಗಳು ಸಾಲಾಗಿ ಇದ್ದವು.

ಇಷ್ಟು ಹೊತ್ತು ಹೇಳದೆ ಮುಂದೂಡಿದ ಒಂದು ಮಾತಿದೆ. ಈ ಹೋರಿ, ಕುರಿ, ಹಂದಿಗಳನ್ನು ಸಾಕುವುದು ಯಾತಕ್ಕೆ?

ಮೇಳದ ಕೊನೆಯ ದಿನ ಹರಾಜು. ಊರಿನ ಬ್ಯಾಂಕಿನವರು, ಟ್ರ್ಯಾಕ್ಟರ್ ಅಂಗಡಿಯವರು, ಬೀಜದ ವ್ಯಾಪಾರಿಗಳು ಬಂದು ಮಾರುಕಟ್ಟೆಯ ಬೆಲೆಗಿಂತ ಹೆಚ್ಚು ಕೊಟ್ಟು ಕೂಗುತ್ತಾರೆ. ಮಕ್ಕಳ ಕಾಲೇಜಿಗೆ ಆಗಲಿ ಎಂಬ ಪ್ರೀತಿ. ದುಡ್ಡು ಮಗುವಿಗೆ. ಪ್ರಾಣಿ ಲಾರಿ ಏರುತ್ತದೆ, ಅಲ್ಲಿಂದ ಕಸಾಯಿಖಾನೆಗೆ. ಇದನ್ನು ಬರೆಯುವಾಗ ನನ್ನ ಕೈ ತಡೆಯುತ್ತದೆ, ಓದುವ ನಿಮ್ಮಲ್ಲಿ ಅನೇಕರಿಗೂ ಕಸಿವಿಸಿಯಾದೀತು. ಆದರೆ ಇದನ್ನು ಬಿಟ್ಟು ಉಳಿದದ್ದನ್ನು ಮಾತ್ರ ಹೇಳಿದರೆ ಚಂದದ ಸುಳ್ಳಾಗುತ್ತದೆ. ಹಾಲಿನ ಹಸುಗಳು, ತಳಿಯ ಕುರಿಗಳು ಮನೆಗೆ ಹೋಗುತ್ತವೆ. ಮಾಂಸದ ಲೆಕ್ಕದಲ್ಲಿ ನೋಂದಾಯಿಸಿದವು ಹೋಗುವುದಿಲ್ಲ. ಕೆಲವು ಮೇಳಗಳಲ್ಲಿ ಅದೇ ಕಟ್ಟಲೆ: ಹರಾಜಿಗೆ ಬಂದ ಪ್ರಾಣಿಯನ್ನು ಹಿಂದಕ್ಕೆ ಒಯ್ಯುವಂತಿಲ್ಲ.

ನಾನು ಮೊದಲು ಕಂಡ ಕರಿ ಹೋರಿಯ ಹುಡುಗಿ ಹರಾಜಿನ ಹಿಂದಿನ ಸಂಜೆ ಒಣಹುಲ್ಲಿನ ಮೇಲೆ ಹೋರಿಯ ಹೊಟ್ಟೆಗೆ ಒರಗಿ ಕೂತಿದ್ದಳು. ಅವಳ ಅಮ್ಮ ನಮ್ಮ ಜೊತೆ ಮಾತಿಗೆ ನಿಂತರು. "ಮೊದಲ ವರ್ಷ ಎಲ್ಲ ಮಕ್ಕಳೂ ಅಳುತ್ತಾರೆ. ನಾನೂ ಅತ್ತಿದ್ದೆ, ನನ್ನ ಅಮ್ಮನೂ ಅತ್ತಿದ್ದಳಂತೆ. ಮೊದಲ ದಿನವೇ ಹೇಳಿಬಿಡಬೇಕು, ಇದು ಇಲ್ಲಿಗೆ ಹೋಗುತ್ತದೆ ಅಂತ. ಹೇಳದೆ ಮುಚ್ಚಿಡುವುದೇ ತಪ್ಪು" ಅಂದರು. "ಹಾಗಾದರೆ ಹೆಸರು ಯಾಕೆ ಇಡುತ್ತೀರಿ?" ಅಂತ ಕೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಡದೆ ಇರಲು ಮಕ್ಕಳಿಂದ ಆಗುವುದಿಲ್ಲವಲ್ಲ" ಅಂದರು.

ಆಗದೇ ಹೋದರೆ ಏನಾಗುತ್ತದೆ? 2022ರಲ್ಲಿ ದೂರದ ಕ್ಯಾಲಿಫೋರ್ನಿಯಾದಲ್ಲಿ ನಡೆದದ್ದು ಇಡೀ ದೇಶಕ್ಕೆ ಗೊತ್ತಾಯಿತು. ಶಾಸ್ತಾ ಜಿಲ್ಲಾ ಮೇಳದಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳ ಮೇಕೆ, ಹೆಸರು ಸೀಡರ್, ಹರಾಜಿಗೆ ಬಂತು. ಹುಡುಗಿ ಬಿಡಲಾರೆ ಎಂದು ಅತ್ತಳು. ಮೇಳದವರು ನಿಯಮ ನಿಯಮವೇ ಎಂದರು. 902 ಡಾಲರಿಗೆ ಹರಾಜಾಗಿದ್ದ ಮೇಕೆಯಲ್ಲಿ ಮೇಳಕ್ಕೆ ಸೇರಬೇಕಾದದ್ದು 63 ಡಾಲರ್ ಚಿಲ್ಲರೆ. ತಾಯಿ ಮೇಕೆಯನ್ನು ರಾತ್ರಿ ಅಲ್ಲಿಂದ ಒಯ್ದು ದೂರದ ತೋಟವೊಂದರಲ್ಲಿ ಬಿಟ್ಟು, ಆಗುವ ನಷ್ಟ ಕಟ್ಟಿಕೊಡುತ್ತೇನೆ ಎಂದು ಪತ್ರ ಬರೆದಳು. ಕೊಂಡವರ ಕಡೆಯಿಂದಲೂ ಅಡ್ಡಿ ಬರಲಿಲ್ಲ. ಆದರೂ ಪೊಲೀಸರು ಐನೂರು ಮೈಲಿಗೂ ಹೆಚ್ಚು ದಾರಿ ಕಾರು ಓಡಿಸಿ ಮೇಕೆಯನ್ನು ಹಿಡಿದು ತಂದರು. ಮೇಕೆ ಉಳಿಯಲಿಲ್ಲ. ತಾಯಿ ಕೋರ್ಟಿಗೆ ಹೋದಳು. 2024ರಲ್ಲಿ ಕೌಂಟಿ 3 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಈ ವಿಷಯ ತೆಗೆದರೆ ಕೊಟ್ಟಿಗೆಯಲ್ಲಿ ಎರಡು ಪಕ್ಷ. ಒಪ್ಪಿ ಸಹಿ ಹಾಕಿದ ಮೇಲೆ ಹಿಂದೆ ಸರಿಯಬಾರದು, ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳುತ್ತಾರೆ, ಹರಾಜೇ ನಿಲ್ಲುತ್ತದೆ ಅನ್ನುವವರು ಕೆಲವರು. ಒಂಬತ್ತು ವರ್ಷದ ಮಗುವಿನ ಸಹಿಗೆ ಏನು ಬೆಲೆ ಅನ್ನುವವರು ಕೆಲವರು. ನನ್ನನ್ನು ಕೇಳಿದರೆ, ಕಿವಿಗೆ ಬಿಲ್ಲೆ ಹಾಕುವ, ಔಷಧಿ ಬರೆದಿಡುವ, ಕೈ ತೊಳೆಯುವ ಕಟ್ಟಲೆಗಳಲ್ಲಿ ಒಂದನ್ನೂ ಸಡಿಲಿಸಬೇಕಿಲ್ಲ. ಅವು ಪ್ರಾಣಿಯನ್ನೂ ತಿನ್ನುವವರನ್ನೂ ಕಾಯುತ್ತವೆ. ಮಗುವಿಗೆ ಇನ್ನಾಗದು ಎಂದಾಗ ನಷ್ಟ ಕಟ್ಟಿಸಿಕೊಂಡು ಪ್ರಾಣಿಯನ್ನು ಬಿಟ್ಟುಕೊಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು? ಹೃದಯ ಅನ್ನುವುದೂ ಆ ನಾಲ್ಕು ಎಸಳಿನಲ್ಲಿ ಒಂದಲ್ಲವೇ. ಇದು ನನ್ನ ಮಾತು. ಆ ಕೌಂಟಿಯ ರೈತ ಹೆಂಗಸರಲ್ಲಿ ಅರ್ಧ ಜನ ಒಪ್ಪಲಿಕ್ಕಿಲ್ಲ.

ಹರಾಜಿನ ದಿನ ಕರಿ ಹೋರಿಯ ಹುಡುಗಿ ತಲೆ ಎತ್ತಿಕೊಂಡೇ ರಿಂಗಿನಲ್ಲಿ ಒಂದು ಸುತ್ತು ಬಂದಳು. ಹೊರಗೆ ಬಂದ ಮೇಲೆ ಅಪ್ಪನ ಶರ್ಟಿನಲ್ಲಿ ಮುಖ ಹುದುಗಿಸಿದಳು. ಅಷ್ಟರಲ್ಲಿ ಮುಗಿಯಿತು ಅಂದುಕೊಂಡರೆ ಇನ್ನೊಂದು ಕಟ್ಟಲೆ ಬಾಕಿಯಿತ್ತು. ಕೊಂಡವರಿಗೆ ಮಗು ತನ್ನ ಕೈಯಾರೆ ವಂದನೆಯ ಪತ್ರ ಬರೆದು ತಲುಪಿಸಬೇಕು. ಪತ್ರ ಕೊಟ್ಟ ಹೊರತು ಚೆಕ್ಕು ಕೈಗೆ ಸಿಗದು. ಹಲವು ಮೇಳಗಳಲ್ಲಿ ಹೀಗಿದೆಯಂತೆ. ಸಂಜೆ ನೋಡಿದರೆ ಊಟದ ಮೇಜಿನ ಸುತ್ತ ಐದಾರು ಮಕ್ಕಳು ಪೆನ್ನು ಕಚ್ಚಿಕೊಂಡು ಕೂತಿದ್ದರು.

ನಿಮ್ಮ ಮಕ್ಕಳೋ ನೆಂಟರೋ ಆ ಕಡೆ ಇದ್ದು, ಬೇಸಿಗೆಯಲ್ಲಿ ಹೋಗುವ ಯೋಗ ಬಂದರೆ ಹತ್ತಿರದ ಕೌಂಟಿಯ ಮೇಳದ ದಿನಾಂಕ ಕೇಳಿಟ್ಟುಕೊಳ್ಳಿ. ಅಯೋವಾದಲ್ಲಿ ಹೆಚ್ಚಿನವು ಜುಲೈನಲ್ಲಿ. ಬೆಳಿಗ್ಗೆ ಎಂಟಕ್ಕೇ ಹೋಗಿ, ಮಧ್ಯಾಹ್ನದ ಸೆಕೆ ತಡೆಯಲಾಗುವುದಿಲ್ಲ. ಸೀರೆ ಉಟ್ಟರೆ ಮರದ ಪುಡಿ, ಹುಲ್ಲು ಅಂಚಿಗೆ ಹತ್ತುತ್ತದೆ. ಚಪ್ಪಲಿಗಿಂತ ಬೂಟು ವಾಸಿ. ಸಸ್ಯಾಹಾರಿಗಳಿಗೆ ಬೇಯಿಸಿದ ಜೋಳದ ತೆನೆ, ಪಾನಕ, ಪೈ, ಐಸ್‌ಕ್ರೀಂ ಧಾರಾಳ. ಪೈ ಕೊಳ್ಳುವ ಮುನ್ನ ಮೇಲಿನ ಹಿಟ್ಟಿಗೆ ಏನು ಹಾಕಿದ್ದಾರೆ ಎಂದು ಒಮ್ಮೆ ಕೇಳಿ, ಕೆಲವರು ಹಂದಿಯ ಕೊಬ್ಬು ಬಳಸುತ್ತಾರೆ. ಆಗಸ್ಟಿನವರೆಗೆ ಇರುವುದಾದರೆ ಡಿ ಮಾಯ್ನ್‌ನ ದೊಡ್ಡ ಮೇಳಕ್ಕೂ ಹೋಗಿ. ಅಲ್ಲಿ ಗಾಜಿನ ತಂಪು ಪೆಟ್ಟಿಗೆಯೊಳಗೆ ಸುಮಾರು 270 ಕಿಲೋ ಬೆಣ್ಣೆಯಲ್ಲಿ ಮಾಡಿದ ಹಸುವೊಂದು ನಿಂತಿರುತ್ತದೆ. 1911ರಿಂದ ಬಂದ ಪದ್ಧತಿ. 1960ರಿಂದ 2005ರವರೆಗೆ ಅದನ್ನು ಕಡೆದವಳು ನಾರ್ಮಾ ಲಯನ್ ಎಂಬ ಹೆಂಗಸು. 2006ರಿಂದ ಅವಳ ಶಿಷ್ಯೆ ಸಾರಾ ಪ್ರ್ಯಾಟ್ ಆ ಕೆಲಸ ವಹಿಸಿಕೊಂಡಳು. ಬೆಣ್ಣೆಯನ್ನು ಎಸೆಯುವುದಿಲ್ಲ, ಶೇಖರಿಸಿಟ್ಟು ಮುಂದಿನ ವರ್ಷಗಳಲ್ಲೂ ಅದನ್ನೇ ಬಳಸುತ್ತಾರಂತೆ. ಹಳೆಯ ಬೆಣ್ಣೆಯ ವಾಸನೆ ಹೇಗಿರುತ್ತದೋ, ಗಾಜು ಅಡ್ಡ ಇದ್ದದ್ದರಿಂದ ಮೂಗಿಗೆ ತಿಳಿಯಲಿಲ್ಲ.